ಕತಿ ಕಾಗದ

ಸಾಹೇಬರು ಹೋಗಿಬಿಟ್ಟರಂತೆ. ಅವರ ಮಗಳು ಜ್ಯೂರಿಕ್‌ನಿಂದ ಫೋನ್ ಮಾಡಿ ಹೇಳಿದಳು. ಅರ್ಧ ಜರ್ಮನ್, ಅರ್ಧ ವಿಜಯಪುರದ ಕನ್ನಡ, ನಡುವೆ ಅಳು. ನಾನು ಆಗ ಫೊಯರ್‌ಬಾಕ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ನಿಂತಿದ್ದೆ. ಹದಿನೇಳು ತಿಂಗಳು ಕಾದ ಮೇಲೆ ಸಿಕ್ಕಿದ್ದ ಖಾಯಂ ವಾಸದ ಕಾರ್ಡು ಬ್ಯಾಗಿನಲ್ಲಿತ್ತು. ಮೊದಲು ಅವರಿಗೇ ತೋರಿಸಬೇಕು ಅಂದುಕೊಂಡಿದ್ದೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, ಹೆಸರಿನ ಕಾಗುಣಿತ ನೋಡಿ, "ಒರಿಜಿನಲ್ ಐತ್ರಿ" ಅಂದಿದ್ದರೆ ನನಗೆ ಈ ಜರ್ಮನಿಯಲ್ಲಿ ಇದ್ದೇನೆ ಅನ್ನುವ ನಂಬಿಕೆ ಬರುತ್ತಿತ್ತು. ಮನೆಗೆ ಬಂದು ಕಾರ್ಡನ್ನು ಡ್ರಾಯರಿಗೆ ತುರುಕಿದೆ. ಇನ್ನು ತೋರಿಸಿ ಯಾರಿಗೆ ಏನಾಗಬೇಕಾಗಿದೆ?

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, "ಅಕ್ಕಾರ, ನನ್ನ ಸಹಿ ತಗೊಂಡೀರೇನು? ಒಪ್ಪಿಗಿ ಪತ್ರ ಎಲ್ಲೈತಿ?" ಎಂದು ಕೇಳುತ್ತಿದ್ದ ಮನುಷ್ಯ. ನಾವೆಲ್ಲ ಎದುರಿಗೆ ಸಾಹೇಬ್ರು ಅನ್ನುತ್ತಿದ್ದೆವು, ಬೆನ್ನ ಹಿಂದೆ ಒರಿಜಿನಲ್ ಸಾಹೇಬ್ರು.

ಐದು ವರ್ಷ ನಮ್ಮಿಬ್ಬರ ಮೇಜು ಅಕ್ಕಪಕ್ಕ. ಅವರು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಹಳೆಯ ಹುಲಿ, ನಾನು ಮೈಸೂರಿನಿಂದ ಬಂದು ಅದೇ ವಿಭಾಗದ ಸಾಫ್ಟ್‌ವೇರ್ ನೋಡಿಕೊಳ್ಳುವವಳು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಆದರೂ ಮೊದಲ ದಿನದಿಂದ ನನ್ನನ್ನು "ಅಕ್ಕಾರ" ಅಂದರು. "ನಾನು ನಿಮಗಿಂತ ಎಷ್ಟೋ ಚಿಕ್ಕವಳು ಸಾಹೇಬ್ರೇ, ಸುಮ್ನೆ ಹೆಸರು ಹಿಡಿದು ಕರೀರಿ" ಅಂದೆ. "ಅದು ಬಾಯಿಗೆ ಬರಂಗಿಲ್ರಿ" ಅಂದರು. ಬರುತ್ತಿರಲಿಲ್ಲ, ನಿಜ. ಇಪ್ಪತ್ತಮೂರರ ಹುಡುಗರಿಗೂ ಬಹುವಚನ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡರೆ ಅದರ ಮುಂದೆ ಬಗ್ಗಿ, "ಬರ್ರಿ, ಬರ್ರಿ, ಯಾಕ ಹಟ ಮಾಡ್ತೀರಿ" ಅನ್ನುತ್ತಿದ್ದರು. ಆಫೀಸಿನ ಜರ್ಮನರು ಇದು ಯಾವುದೋ ಪ್ರಾರ್ಥನೆ ಅಂದುಕೊಂಡಿದ್ದರು. ಪ್ರಿಂಟರೂ ಹೆಚ್ಚಾಗಿ ಅವರ ಮಾತು ಕೇಳುತ್ತಿತ್ತು ಅನ್ನಿ.

ಗಡಿ ದಾಟುವ ವಿಷಯ ಬಂದರೆ ಸುತ್ತಮುತ್ತಲ ಕನ್ನಡಿಗರಿಗೆಲ್ಲ ಅವರೇ ಹೈಕೋರ್ಟು. ವಾರಾಂತ್ಯಕ್ಕೆ ಫ್ರಾನ್ಸಿಗೆ ಹೋಗುವವರು, ಆಸ್ಟ್ರಿಯಾಕ್ಕೆ ಹೋಗುವವರು, ಹೈಡೆಲ್‌ಬರ್ಗಿನಲ್ಲಿ ಓದುವ ಹುಡುಗಿಯರು, ಎಲ್ಲರೂ ಶುಕ್ರವಾರ ಮಧ್ಯಾಹ್ನ ಫೋನ್ ಮಾಡುವವರೇ. ಗಡಿಯಲ್ಲಿ ಗೇಟಿಲ್ಲ, ರೈಲು ನಿಲ್ಲದೆ ದಾಟುತ್ತದೆ, ಯಾರು ಕೇಳುತ್ತಾರೆ ಅನ್ನುವುದು ನಮ್ಮವರ ಧೈರ್ಯ. ಆದರೆ ಈಚೆಗೆ ಕೇಳತೊಡಗಿದ್ದಾರೆ. ರೈಲಿನೊಳಗೇ ಬಂದು ಕೇಳುತ್ತಾರೆ, ಅದೂ ನಮ್ಮ ಬಣ್ಣದವರನ್ನು ತಪ್ಪದೆ ಕೇಳುತ್ತಾರೆ. ಸಾಹೇಬರ ಉತ್ತರ ಯಾವಾಗಲೂ ಒಂದೇ: "ಒರಿಜಿನಲ್ ಐತೇನ್ರಿ? ಮೊಬೈಲ್‌ನ್ಯಾಗ ಫೋಟೋ ಐತಿ ಅಂದ್ರ ಇಲ್ಲ ಅಂತನ ಲೆಕ್ಕ. ಪಾಸ್‌ಪೋರ್ಟ್ ಒಂದ ಸಾಲಂಗಿಲ್ಲ, ವಾಸದ ಕಾರ್ಡ್ ಒಂದ ಸಾಲಂಗಿಲ್ಲ. ಗಂಡ ಹೆಂಡ್ತಿ ಇದ್ದಂಗ ಅವು. ಜೋಡೀಲೆ ಹೋಗ್ಬೇಕು, ಜೋಡೀಲೆ ಬರ್ಬೇಕು."

ಯಾರಾದರೂ ಖುದ್ದಾಗಿ ಕಾಗದ ತಂದರೆ ಮೊದಲು ಜೇಬಿನಿಂದ ಕರ್ಚೀಫು ತೆಗೆದು ಮೇಜು ಒರೆಸುತ್ತಿದ್ದರು. ಆಮೇಲೆ ಎರಡೂ ಕೈ ಚಾಚಿ ಇಸಿದುಕೊಳ್ಳುತ್ತಿದ್ದರು. ಮಗುವನ್ನು ಎತ್ತಿಕೊಳ್ಳುವಾಗಲೂ ನಾನು ಅಷ್ಟು ಜಾಗ್ರತೆ ಮಾಡಿದವಳಲ್ಲ. ಕೊನೆಯ ದಿನಾಂಕ ನೋಡಿ, ಅದನ್ನು ತಮ್ಮ ಡೈರಿಯಲ್ಲಿ ಬರೆದಿಟ್ಟುಕೊಂಡು, ಮೂರು ತಿಂಗಳ ಮುಂಚೆ ತಾವೇ ಫೋನ್ ಮಾಡಿ ನೆನಪಿಸುತ್ತಿದ್ದರು. ಸ್ವಂತ ಅಣ್ಣತಮ್ಮಂದಿರು ಹುಟ್ಟುಹಬ್ಬ ಮರೆಯುತ್ತಾರೆ, ಈ ಮನುಷ್ಯ ನಿಮ್ಮ ವೀಸಾ ಮುಗಿಯುವ ದಿನ ಮರೆಯುತ್ತಿರಲಿಲ್ಲ.

ಒಮ್ಮೆ ಊಟದ ಹೊತ್ತಿನಲ್ಲಿ ಮ್ಯೂನಿಕ್‌ನ ಹುಡುಗನೊಬ್ಬನ ಫೋನ್ ಬಂತು. ಗೆಳೆಯನ ಜೊತೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನೋಡಲು ಹೋಗಿದ್ದನಂತೆ, ಬರುವಾಗ ಗಡಿಯಲ್ಲಿ ಪೊಲೀಸರು ಇಳಿಸಿದ್ದಾರೆ. ಕಾರ್ಡಿದೆ, ಪಾಸ್‌ಪೋರ್ಟು ಮನೆಯಲ್ಲಿ. ಹಿನ್ನೆಲೆಯಲ್ಲಿ ಅವನ ಗೆಳೆಯ, "ಫೋಟೋ ತೋರ್ಸು ಮಗಾ, ಝೂಮ್ ಮಾಡಿ ತೋರ್ಸು ಗುರು" ಅಂತ ಕಿರುಚುತ್ತಿದ್ದುದು ನನಗೂ ಕೇಳಿಸಿತು. ಸಾಹೇಬರು ತುತ್ತು ಕೆಳಗಿಟ್ಟರು. "ಮೊದಲ ನಿಮ್ಮ ದೋಸ್ತ್‌ರಿಗೆ ಬಾಯಿ ಮುಚ್ಚಾಕ ಹೇಳ್ರಿ. ವಾದ ಮಾಡ್ಬ್ಯಾಡ್ರಿ. ಪಾಸ್‌ಪೋರ್ಟ್ ಮನ್ಯಾಗ ಐತಿ, ರೂಮಿನವರು ತರ್ತಾರ ಅಂತ ಸಮಾಧಾನ್ಲೆ ಹೇಳ್ರಿ." ರೂಮಿನವನು ಮುಂದಿನ ರೈಲಿನಲ್ಲಿ ತಂದ, ಇವನನ್ನು ಬಿಟ್ಟರು. ಹುಡುಗ ಮತ್ತೆ ಫೋನ್ ಮಾಡಿ, "ಸಾರ್, ನೀವು ದೇವ್ರು ಸಾರ್" ಅಂದ. "ದೇವ್ರು ಬ್ಯಾಡ್ರಿ, ಪಾಸ್‌ಪೋರ್ಟ್ ಇಟ್ಕೋರಿ" ಎಂದು ತಣ್ಣಗಾದ ಅನ್ನ ಉಂಡರು.

ಇಷ್ಟೆಲ್ಲ ಬಲ್ಲ ಮನುಷ್ಯ ತಾನು ಮಾತ್ರ ಯಾವ ಗಡಿಯನ್ನೂ ದಾಟುತ್ತಿರಲಿಲ್ಲ. ಊರಿಗೆ ವಿಮಾನದಲ್ಲಿ ಹೋಗಿ ಬರುತ್ತಿದ್ದರು, ಅಷ್ಟೇ. ಒಬ್ಬಳೇ ಮಗಳು, ಜ್ಯೂರಿಕ್‌ನಲ್ಲಿ ಕೆಲಸ, ಅಲ್ಲೇ ಮದುವೆಯಾಗಿ ಸಂಸಾರ ಹೂಡಿದ್ದಾಳೆ. ಇಲ್ಲಿಂದ ಮೂರು ಗಂಟೆಯ ರೈಲು. ಒಂದು ದಿನವೂ ಅವಳ ಮನೆಯ ಹೊಸ್ತಿಲು ತುಳಿದಿರಲಿಲ್ಲ. ತಿಂಗಳಿಗೊಮ್ಮೆ ಅವಳೇ ಬರುತ್ತಿದ್ದಳು. ಹೆಂಡತಿ ನಾನು ಬರುವ ಮೊದಲೇ ತೀರಿಕೊಂಡಿದ್ದರು. "ನಿಮ್ಮ ಕಾರ್ಡಂತೂ ಖಾಯಮ್ಮು, ಹೋಗಕ್ಕೇನು ರೋಗ ನಿಮಗೆ?" ಎಂದು ನಾನು ರೇಗಿಸುತ್ತಿದ್ದೆ. ನನ್ನ ನಾಲಿಗೆಗೆ ಮೂಳೆಯಿಲ್ಲ. ಅವರು, "ಸಾಕಾಗೇದರಿ ಅಕ್ಕಾರ" ಎಂದು ಕನ್ನಡಕ ತೆಗೆದು ಒರೆಸುತ್ತಿದ್ದರು. ನನಗೂ ಎಲ್ಲವೂ ಸಾಕಾಗಿತ್ತು, ಹಾಗಾಗಿ ಆ ಮಾತು ನನಗೆ ವಿಶೇಷ ಅನಿಸುತ್ತಿರಲಿಲ್ಲ.

ಸಾಕಾಗಿದ್ದರ ಕಾರಣವನ್ನೂ ಹೇಳಿಬಿಡುತ್ತೇನೆ. ನಾನು ಖಾಯಂ ವಾಸಕ್ಕೆ ಅರ್ಜಿ ಹಾಕಿದ್ದೆ. ಅರ್ಜಿ ವಿದೇಶಿಯರ ಕಚೇರಿಯಲ್ಲಿ ಕೂತಿತು, ಇತ್ತ ಹಳೆಯ ಕಾರ್ಡಿನ ಅವಧಿ ಮುಗಿಯಿತು. ಮಿಂಚಂಚೆ ಬರೆದರೆ, ನಿಮ್ಮ ಮಿಂಚಂಚೆ ಬಂದಿದೆ ಅನ್ನುವ ಯಂತ್ರದ ಉತ್ತರ. ಕೊನೆಗೆ ಮಡಿಚಿದ ಒಂದು ಕಾಗದ ಕೊಟ್ಟರು. ಅದರ ಹೆಸರು ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್. ಬಾಯಿ ತುಂಬ ಚಕ್ಕುಲಿ ಇಟ್ಟುಕೊಂಡು ಹೇಳಬೇಕಾದ ಹೆಸರು. ಹಳೆಯ ಕಾರ್ಡು ಸತ್ತಿದೆ, ಹೊಸದು ಹುಟ್ಟಿಲ್ಲ, ಅಲ್ಲಿಯವರೆಗೆ ನಿಮಗೆ ಇಲ್ಲಿರುವ ಹಕ್ಕು ಇದೆ ಎಂದು ಭಾವಿಸಲಾಗಿದೆ, ಅಂತ ಅದರ ಅರ್ಥ. ಹೆಸರಿನಲ್ಲೇ ಫಿಕ್ಷನ್ ಇದೆ. ನನ್ನ ಮಗ ಅದನ್ನು ಓದಿ, "ಮಾಮಾ, ಬಿಸ್ಟ್ ಡು ಫಿಕ್ಟಿವ್?" ಅಂದ. ಅಮ್ಮ, ನೀನು ಕಟ್ಟುಕಥೆಯಾ ಅಂತ. ಎಂಟು ವರ್ಷದವನಿಗೆ ನಗು, ನನಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಸಾಹೇಬರು ಅದನ್ನು ಕತಿ ಕಾಗದ ಅನ್ನುತ್ತಿದ್ದರು. ಕತೆಯ ಕಾಗದ. ಮರುದಿನ ತಂದು ತೋರಿಸಿದಾಗ ಕರ್ಚೀಫು ಹೊರಬಂತು, ಮೇಜು ಒರೆಸಿದ್ದಾಯಿತು. "ಇದರಾಗ ಮೂರು ಚೌಕ ಅದಾವ ನೋಡ್ರಿ. ಮೂರನೇದಕ್ಕ ಗುರುತು ಇದ್ರ ಮಾತ್ರ ಹೊರಗ ಹೋಗಿ ಒಳಗ ಬರಾಕ ಬರ್ತೈತಿ. ನಿಮ್ದು ಮೂರನೇದು. ನಸೀಬ ಚೊಲೊ ಐತಿ. ಹಳೇ ಕಾರ್ಡ್ ಒಗೀಬ್ಯಾಡ್ರಿ, ಅದೂ ಜೋಡಿ ಇರ್ಬೇಕು."

ಆ ಕಾಗದ ತೆಳ್ಳಗೆ, ಮಡಿಕೆಯಲ್ಲಿ ಆಗಲೇ ಹರಿಯತೊಡಗಿತ್ತು. ಎರಡೇ ವಾರಕ್ಕೆ ಅದರ ಮೂಲೆಗೆ ನನ್ನ ಟಿಫಿನ್ ಡಬ್ಬಿಯ ಸಾಂಬಾರಿನ ಹಳದಿ ಮೆತ್ತಿಕೊಂಡಿತು. ನಾವು ಎಂಥವರು? ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಕೈಗೆ ಬಂದ ದಿನವೇ ಜೆರಾಕ್ಸ್ ಅಂಗಡಿಗೆ ಓಡಿ ಲ್ಯಾಮಿನೇಷನ್ ಮಾಡಿಸಿದವರು. ನಮ್ಮ ಆಫೀಸಿನ ಕಾಗದಪತ್ರದ ಕೋಣೆಯಲ್ಲಿ ಲ್ಯಾಮಿನೇಷನ್ ಮಾಡುವ ಯಂತ್ರ ಇತ್ತು. ಒಂದು ಸಂಜೆ, ಮನೆಗೆ ಹೊರಡುವ ಮೊದಲು, ಕತಿ ಕಾಗದವನ್ನು ಪ್ಲಾಸ್ಟಿಕ್ ಹಾಳೆಯೊಳಗೆ ನೀಟಾಗಿ ಇಟ್ಟು, ಯಂತ್ರ ಕಾಯಲಿ ಎಂದು ನಿಂತಿದ್ದೆ. ಹಸಿರು ದೀಪ ಹತ್ತಿತು. ಹಾಳೆಯ ತುದಿಯನ್ನು ಯಂತ್ರದ ಬಾಯಿಗೆ ಕೊಡುತ್ತಿದ್ದೇನೆ, ಹಿಂದಿನಿಂದ ಯಾರೋ ನನ್ನ ಮುಂಗೈ ಹಿಡಿದು ಎಳೆದರು.

"ತಗೀರಿ! ತಗೀರಿ ಅದನ್ನ! ಏನ್ ಮಾಡಾಕ ಹತ್ತೀರಿ?"

ಸಾಹೇಬರು. ಆ ಗಂಟಲು ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ. ಹಾಳೆಯನ್ನು ಕಿತ್ತುಕೊಂಡು, ಕಾಗದವನ್ನು ಹೊರಗೆಳೆದು, ಎದೆಗೆ ಒತ್ತಿಕೊಂಡು ನಿಂತರು. ನನಗೆ ಸಿಟ್ಟೇ ಬಂತು. "ನನ್ನ ಕಾಗದ, ನಾನೇನಾದ್ರೂ ಮಾಡ್ಕೋತೀನಿ. ಹೀಗೆ ಕೈ ಎಳೆಯೋದಾ?" ಅಂದೆ. ಅವರು ಕಾಗದ ವಾಪಸು ಕೊಟ್ಟು, ಯಂತ್ರದ ಸ್ವಿಚ್ಚು ಆರಿಸಿ, ಅದು ತಣ್ಣಗಾಗುವವರೆಗೆ ಅಲ್ಲೇ ಕೂತರು. ಆಮೇಲೆ ಹೇಳಿದರು. ಹದಿನಾಲ್ಕು ವರ್ಷದ ಹಿಂದಿನ ಮಾತು.

ಅವರ ಅಪ್ಪ ತಹಶೀಲ್ದಾರ್ ಕಚೇರಿಯ ಮುಂದೆ ಕೂತು ಅರ್ಜಿ ಬರೆದುಕೊಡುತ್ತಿದ್ದವರಂತೆ. "ಕಾಗದ ಅಂದ್ರ ಪ್ಲಾಸ್ಟಿಕ್ ಹೊದಿಸಿದ್ದು ಅಂತನ ತಿಳಿದು ಬೆಳದಾಂವ ನಾ" ಅಂದರು. ಹೆಂಡತಿಗೆ ಒಂದೇ ಆಸೆ, ರೈನ್ ಜಲಪಾತ ನೋಡಬೇಕು. ಬಿಸಿಲ ನಾಡಿನ ಹೆಣ್ಣುಮಗಳು, ಕೊಡ ಹಿಡಿದು ನಲ್ಲಿಯ ಮುಂದೆ ಪಾಳಿ ನಿಂತು ಬೆಳೆದವರು. ಅಷ್ಟು ನೀರು ಸುಮ್ಮನೆ ಬೀಳುತ್ತದೆ ಅಂದರೆ ನಂಬುತ್ತಿರಲಿಲ್ಲವಂತೆ. ಜಲಪಾತ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಗಡಿ ದಾಟಿದ ಕೂಡಲೇ. ಆಗ ಹೆಂಡತಿಯ ಕೈಯಲ್ಲಿ ಇದ್ದದ್ದು ಇದೇ ಕತಿ ಕಾಗದ. ಹಾಳಾಗಬಾರದು ಎಂದು, ಹೊರಡುವ ಹಿಂದಿನ ದಿನ ಇವರೇ ಮುತುವರ್ಜಿಯಿಂದ ಲ್ಯಾಮಿನೇಷನ್ ಮಾಡಿಸಿದರು. ಇದೇ ಆಫೀಸಿನಲ್ಲಿ.

"ಗಾಡಿಯೊಳಗ ಸ್ವಿಸ್ ಪೊಲೀಸರು ಬಂದ್ರು. ಹಿಂದ ಮುಂದ ಮಾಡಿ ನೋಡಿದ್ರು. ಪ್ಲಾಸ್ಟಿಕ್ ಹೊದಿಸಿದ್ರ ಮುದ್ರಿ ಖರೇನೋ ಸುಳ್ಳೋ ಮುಟ್ಟಿ ನೋಡಾಕ ಬರಂಗಿಲ್ಲ, ಇದು ನಡೆಯಂಗಿಲ್ಲ ಅಂದ್ರು. ಷಾಫ್‌ಹೌಸನ್‌ನ್ಯಾಗ ಇಳಿಸಿ ಒಂದು ಖೋಲ್ಯಾಗ ಕುಂಡ್ರಿಸಿದ್ರು. ಮುಂದಿನ ಸ್ಟೇಷನ್ನ ಜಲಪಾತ ಅಕ್ಕಾರ. ಮುಂದಿನ ಸ್ಟೇಷನ್. ಮಗಳಿಗೆ ಹದಿಮೂರು ವರ್ಷ. ಪೊಲೀಸರು ಹೇಳಿದ್ದನ್ನ ಅಕಿನ ಅವ್ವಗ ತಿಳಿಸಿ ಹೇಳಿದ್ಲು, ನಿನಗ ಮುಂದ ಹೋಗಾಕ ಬಿಡಂಗಿಲ್ಲಂತ ಅಮ್ಮಾ ಅಂತ."

ಮೂವರನ್ನೂ ವಾಪಸು ಗಾಡಿ ಹತ್ತಿಸಿದರು. ಈಚೆಯ ಗಡಿ ಊರು ಸಿಂಗನ್‌ನಲ್ಲಿ ಇಳಿದು, ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು, ಜಲಪಾತದ ಮುಂದೆ ತಿನ್ನಬೇಕೆಂದು ಕಟ್ಟಿಕೊಂಡಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಹೆಂಡತಿ ಬೈಯಲಿಲ್ಲವಂತೆ. "ಆ ನೀರು ಎಲ್ಲಿ ಓಡಿ ಹೋಗ್ತೈತಿ, ಮುಂದಿನ ವರ್ಷ ನೋಡೂಣು" ಅಂದರಂತೆ. ಮುಂದಿನ ವರ್ಷ ಅವರಿಗೆ ಕಾಯಿಲೆ. ಅದರ ಮುಂದಿನ ವರ್ಷ ಅವರೇ ಇಲ್ಲ.

"ಬೈದಿದ್ರ ಚೊಲೊ ಇತ್ರಿ" ಅಂದರು ಸಾಹೇಬರು. ಆಮೇಲೆ ಬ್ಯಾಗು ತೆರೆದು ಒಂದು ಹಳೆಯ ಫೈಲಿನಿಂದ ಅದನ್ನು ತೆಗೆದು ತೋರಿಸಿದರು. ಕಚೇರಿಯವರು ಬೇರೆ ಕಾಗದ ಕೊಟ್ಟು, ಇದರ ಮೂಲೆಗೆ ತೂತು ಹೊಡೆದು ರದ್ದು ಮಾಡಿ, ಬೇಡಿಕೊಂಡದ್ದಕ್ಕೆ ವಾಪಸು ಕೊಟ್ಟಿದ್ದರು. ಪ್ಲಾಸ್ಟಿಕ್ಕಿನೊಳಗೆ ತಲೆಯ ಮೇಲೆ ಸೆರಗು ಹೊದ್ದ ಹೆಂಗಸು. ಫೋಟೋ ತೆಗೆಯುವವನು ನಗಬೇಡಿ ಅಂದಿರಬೇಕು, ತುಟಿ ಬಿಗಿಹಿಡಿದಿದ್ದಾರೆ, ಕಣ್ಣು ನಗುತ್ತಿದೆ. ಇಷ್ಟು ದಿನ ಈ ಮನುಷ್ಯನನ್ನು ಒರಿಜಿನಲ್ ಒರಿಜಿನಲ್ ಎಂದು ಆಡಿಕೊಂಡು ನಕ್ಕಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಹೋದ ವರ್ಷ, ಅವರು ನಿವೃತ್ತರಾಗಲು ಎರಡು ತಿಂಗಳಿದ್ದಾಗ, ಮಗಳು ಹೆತ್ತಳು. ಹೆಣ್ಣು ಮಗು. ಆಪರೇಷನ್ ಆಗಿತ್ತು, ಅವಳು ಪ್ರಯಾಣ ಮಾಡುವ ಹಾಗಿರಲಿಲ್ಲ. ಫೋನಿನಲ್ಲಿ ಅವಳು, "ಅಬ್ಬಾ, ಕೊಮ್ಸ್ಟ್ ಡು?" ಎಂದು ಕೇಳಿದ್ದು ಪಕ್ಕದ ಮೇಜಿನ ನನಗೂ ಕೇಳಿಸಿತು. ಬರ್ತೀಯಾ ಅಪ್ಪ ಅಂತ. ಸಾಹೇಬರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಂದು ವಾರ ಹೀಗೇ. ದಿನಾ ಪಾಸ್‌ಪೋರ್ಟು ತೆಗೆದು ನೋಡುವುದು, ಒಳಗಿಡುವುದು. ಎಂಟನೆಯ ದಿನ ನನಗೆ ತಡೆಯಲಾಗಲಿಲ್ಲ.

"ಮಗು ನಡೆದುಕೊಂಡು ಬಂದು ನಿಮ್ಮ ಮುಖ ನೋಡಬೇಕಾ ಸಾಹೇಬ್ರೇ?"

ಪಾಸ್‌ಪೋರ್ಟು ಮತ್ತೆ ತೆಗೆದು ಮೇಜಿನ ಮೇಲಿಟ್ಟರು. "ಜೋಡಿ ಯಾರರೆ ಇದ್ರ ಹೋಗಬಹುದಿತ್ತು" ಅಂದರು. "ನಿಮ್ಮ ಕತಿ ಕಾಗದ ನಾ ನೋಡೇನಿ. ಮೂರನೇ ಚೌಕ ಐತಿ. ನೀವು ಬರ್ತೀರೇನ್ರಿ?"

ನನಗೆ ಶನಿವಾರ ಅಂದರೆ ಬಟ್ಟೆ, ಪಾತ್ರೆ, ಮಗನ ಈಜು. ಮೈಯಲ್ಲಿ ಕಸುವಿರಲಿಲ್ಲ. ಗಡಿಯ ಭಯ ನನಗೂ ಇತ್ತು, ಕತೆಯ ಕಾಗದ ಹಿಡಿದು ಯಾರು ಧೈರ್ಯವಾಗಿರುತ್ತಾರೆ? ಆದರೂ ಹೂಂ ಅಂದೆ.

ಆ ಶನಿವಾರ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಕಂಕುಳಲ್ಲಿ ಫೈಲು ಇಟ್ಟುಕೊಂಡು ಸ್ಟೇಷನ್ನಿಗೆ ಬಂದಿದ್ದರು. ಸೀಟು ಮೊದಲೇ ಕಾದಿರಿಸಿದ್ದರು, ನೀರು ಕಾಣುವ ಕಡೆಗೇ. ಜಲಪಾತದ ಹತ್ತಿರ ನಮ್ಮ ಗಾಡಿ ನಿಲ್ಲುವುದಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುತ್ತದೆ ಅಂತ ಎಲ್ಲ ವಿಚಾರಿಸಿಕೊಂಡಿದ್ದರು. ಹಾಗಿದ್ದೂ ಕಿಟಕಿಯ ಪಕ್ಕ ನನ್ನನ್ನು ಕೂರಿಸಿದರು. "ಅಲ್ಲ ಸಾಹೇಬ್ರೇ, ನೀವು ಕೂತ್ಕೊಳ್ಳಿ" ಅಂದೆ. "ಬ್ಯಾಡ್ರಿ. ಅಕಿ ನೋಡಲಾರದ್ದನ್ನ ನಾ ಹೆಂಗ ನೋಡ್ಲಿ" ಅಂದರು. ಸಿಂಗನ್ ಬಂತು. ಅವರು ಪ್ಲಾಟ್‌ಫಾರಮ್ಮಿನ ಒಂದು ಬೆಂಚನ್ನೇ ನೋಡುತ್ತಿದ್ದರು. ಬೆಂಚಿನ ಮೇಲೆ ಯಾರೋ ಹುಡುಗಿ ಕೂತು ಚಿಪ್ಸ್ ತಿನ್ನುತ್ತಿದ್ದಳು. ಗಾಡಿ ಹೊರಟಾಗ ಬೋಗಿಯ ಆ ತುದಿಯಿಂದ ಸ್ವಿಸ್ ಗಡಿಯ ಸಿಬ್ಬಂದಿಯೊಬ್ಬ ಬಂದ. ಮೂವತ್ತರ ಒಳಗಿನ ಹುಡುಗ, ಕಣ್ಣಲ್ಲಿ ನಿದ್ದೆ.

ಮೊದಲು ನನ್ನದು. ಕತಿ ಕಾಗದ ಬಿಚ್ಚಿ, ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿ, ಮೂರನೇ ಚೌಕ ನೋಡಿ, ಹಳೆಯ ಕಾರ್ಡು ನೋಡಿ, ಪಾಸ್‌ಪೋರ್ಟು ನೋಡಿ ವಾಪಸು ಕೊಟ್ಟ. ಸಾಹೇಬರು ಪಾಸ್‌ಪೋರ್ಟು, ಕಾರ್ಡು ಎರಡನ್ನೂ ಎರಡೂ ಕೈಯಲ್ಲಿ ಚಾಚಿದರು. ಅವನು ನೋಡಿದ, ಸರಿ ಅಂದ. ಅಷ್ಟಕ್ಕೇ ಮುಗಿಯಬೇಕಿತ್ತು. ಸಾಹೇಬರು ಫೈಲು ತೆರೆದು ಮೂರನೆಯದನ್ನೂ ತೆಗೆದು ಅವನ ಮುಂದೆ ಹಿಡಿದರು.

ಅಯ್ಯೋ ಪುಣ್ಯಾತ್ಮ, ಆಗಿಹೋಗಿತ್ತಲ್ಲ, ಮಗಳು ಕಾಯುತ್ತಿದ್ದಾಳಲ್ಲ!

ಅವನು ಹಿಂದೆ ಮುಂದೆ ತಿರುಗಿಸಿದ. "ಇದು ಯಾರದು?" ಎಂದು ಜರ್ಮನಿನಲ್ಲಿ ಕೇಳಿದ.

"ನನ್ನ ಹೆಂಡತಿಯದು."

"ಇದನ್ನು ಲ್ಯಾಮಿನೇಟ್ ಮಾಡುವ ಹಾಗಿಲ್ಲ."

"ಗೊತ್ತು."

"ಅವಧಿ ಮುಗಿದು ಎಷ್ಟೋ ವರ್ಷ ಆಗಿದೆ."

"ಗೊತ್ತು."

ಅವನು ತೂತನ್ನು ನೋಡಿದ. ಫೋಟೋ ನೋಡಿದ. ನನ್ನ ಮುಖ ನೋಡಿ, ಅದು ಇವಳಲ್ಲ ಎಂದು ಖಾತ್ರಿ ಮಾಡಿಕೊಂಡ. "ಅವರೂ ಪ್ರಯಾಣ ಮಾಡುತ್ತಿದ್ದಾರೆಯೇ?"

ಸಾಹೇಬರು ತಲೆಯೆತ್ತಿ ಅವನನ್ನೇ ನೋಡಿದರು. "ಹೌದು. ಜೊತೆಯಲ್ಲೇ ಇದ್ದಾಳೆ."

ನಮ್ಮ ಎದುರಿನ ಎರಡು ಸೀಟುಗಳೂ ಖಾಲಿ ಇದ್ದವು. ಆ ಹುಡುಗ ಅವನ್ನು ನೋಡಿದ, ಸಾಹೇಬರ ಚಾಚಿದ ಕೈಗಳನ್ನು ನೋಡಿದ. ಅವನ ಕಣ್ಣಿನ ನಿದ್ದೆ ಹೋಗಿತ್ತು. ಆ ಕಾಗದವನ್ನು ಸಾಹೇಬರ ಕೈಗಳ ಮೇಲೆ ಮೆಲ್ಲಗೆ ಇಟ್ಟು, "ಗೂಟೆ ರೈಸೆ" ಅಂದ. ಪ್ರಯಾಣ ಚೆನ್ನಾಗಿರಲಿ ಅಂತ. ಮುಂದಿನ ಸೀಟಿಗೆ ಹೋದ.

ಷಾಫ್‌ಹೌಸನ್‌ನಲ್ಲಿ ಗಾಡಿ ನಿಂತಿತು. ಯಾರೂ ನಮ್ಮನ್ನು ಇಳಿಸಲಿಲ್ಲ. ಮತ್ತೆ ಹೊರಟಿತು. ಸಾಹೇಬರು ಕಾಗದವನ್ನು ಕರ್ಚೀಫಿನಿಂದ ಒರೆಸುತ್ತಿದ್ದರು.

"ಬಿಟ್ರು ನೋಡು. ಬಾ" ಅಂದರು.

ಏನು ಸಾಹೇಬ್ರೇ ಎಂದು ಕೇಳಲು ಹೊರಟವಳು ಬಾಯಿ ಮುಚ್ಚಿಕೊಂಡೆ. ಐದು ವರ್ಷದಲ್ಲಿ ಒಂದು ದಿನವೂ ನನ್ನನ್ನು, ಪ್ರಿಂಟರನ್ನು ಕೂಡ, ಏಕವಚನದಲ್ಲಿ ಮಾತಾಡಿಸಿದವರಲ್ಲ ಅವರು. ನಾನು ಎದ್ದು ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟೆ.